ಕಣ್ಣಿಗೆ ಸರಿ, ಕೈಗೆ ಭಾರ: 1796ರ ಅಶ್ವದಳದ ಕತ್ತಿಯ ಒಂದು ಮರುನಿರ್ಮಾಣದ ವಿಮರ್ಶೆ

ಬ್ರಿಟಿಷ್ ಲಘು ಅಶ್ವದಳದ 1796ರ ಮಾದರಿಯ ಬಾಗುಗತ್ತಿಯ ಮರುನಿರ್ಮಾಣವೊಂದನ್ನು ತರಿಸಿಕೊಂಡು ಎಂಟು ತಿಂಗಳಾಯಿತು. ಈ ಅವಧಿಯಲ್ಲಿ ಅದನ್ನು ಗೋಡೆಯ ಮೇಲೆ ನೋಡಿದ್ದಕ್ಕಿಂತ ಕೈಯಲ್ಲಿ ಹಿಡಿದದ್ದೇ ಹೆಚ್ಚು. ತೂಗಿದ್ದೇನೆ, ಅಳೆದಿದ್ದೇನೆ, ಹಿಡಿಯನ್ನು ಬಿಚ್ಚಿ ಒಳಗನ್ನು ನೋಡಿದ್ದೇನೆ; ಹಳೆಯ ಆಯುಧಗಳನ್ನು ಸಂಗ್ರಹಿಸುವ ಗೆಳೆಯರೊಬ್ಬರ ಬಳಿ ಇರುವ ಇದೇ ಮಾದರಿಯ ಅಸಲಿ ಕತ್ತಿಯ ಪಕ್ಕದಲ್ಲಿಟ್ಟು ಒಂದು ಇಡೀ ದಿನ ಹೋಲಿಸಿದ್ದೇನೆ. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಕಂಡ ಮುಖ್ಯ ಕೊರತೆ ಅವರೊಬ್ಬರದ್ದೇ ಅಲ್ಲ. ಬೇರೆಯವರು ತಯಾರಿಸಿದ ಮೂರು ಕತ್ತಿಗಳನ್ನು ಎತ್ತಿ ನೋಡಿದಾಗಲೂ ಅದೇ ಕೊರತೆ ಕಂಡಿತು. ಆದ್ದರಿಂದ ಇದನ್ನು ಒಂದು ಕತ್ತಿಯ ವಿಮರ್ಶೆಯೆಂದು ಓದುವುದರ ಜೊತೆಗೆ, ಇಂಥದ್ದನ್ನು ಕೊಳ್ಳುವ ಮುನ್ನ ಏನನ್ನು ಕೇಳಬೇಕು ಎಂಬುದಕ್ಕೂ ಬಳಸಿಕೊಳ್ಳಬಹುದು.

ಗುಣದೋಷಗಳನ್ನು ಹೇಳುವ ಮೊದಲು ಈ ಕತ್ತಿ ಯಾವ ಕೆಲಸಕ್ಕಾಗಿ ಹುಟ್ಟಿತು ಎಂಬುದನ್ನು ನೆನಪಿಸಿಕೊಳ್ಳಬೇಕು, ಏಕೆಂದರೆ ಮರುನಿರ್ಮಾಣವೊಂದನ್ನು ಅಳೆಯಲು ಬೇರೆ ಯಾವ ಅಳತೆಗೋಲೂ ಇಲ್ಲ. 1793ರಲ್ಲಿ ಫ್ರೆಂಚರ ವಿರುದ್ಧ ಆರಂಭವಾದ ಫ್ಲಾಂಡರ್ಸ್ ದಂಡಯಾತ್ರೆಯಲ್ಲಿ ಸೇವೆ ಸಲ್ಲಿಸಿದ ಜಾನ್ ಗ್ಯಾಸ್ಪಾರ್ಡ್ ಲೆ ಮಾರ್ಶಂಟ್ ಎಂಬ ಅಧಿಕಾರಿ, ತಮ್ಮ ಕಡೆಯ ರಾವುತರು ಉದ್ದನೆಯ, ತೊಡಕಿನ ಕತ್ತಿಗಳನ್ನು ಬೀಸಲಾರದೆ ಒದ್ದಾಡುವುದನ್ನೂ, ಶತ್ರುವಿಗೆ ಎತ್ತಿದ ಏಟು ತಮ್ಮದೇ ಕುದುರೆಗೆ, ಕೆಲವೊಮ್ಮೆ ತಮಗೇ ತಗಲುವುದನ್ನೂ ಕಣ್ಣಾರೆ ಕಂಡರು. ಅದೇ ರಣರಂಗದಲ್ಲಿ ಆಸ್ಟ್ರಿಯದ ಅಶ್ವದಳ ಕತ್ತಿಯನ್ನು ಬಳಸುವ ಬಗೆ ಅವರ ಮನಸ್ಸಿನಲ್ಲಿ ನಿಂತಿತು. ಊರಿಗೆ ಮರಳಿದ ಮೇಲೆ ಬರ್ಮಿಂಗ್‌ಹ್ಯಾಮ್‌ನ ಕತ್ತಿ ತಯಾರಕ ಹೆನ್ರಿ ಆಸ್ಬರ್ನ್ ಅವರ ಜೊತೆ ಕೂಡಿ ಅವರು ರೂಪಿಸಿದ ಬಾಗುಗತ್ತಿಯೇ 1796ರಲ್ಲಿ ಲಘು ಅಶ್ವದಳದ ಅಧಿಕೃತ ಮಾದರಿಯಾಯಿತು. ಅದೇ ವರ್ಷ ಅವರು ಬರೆದ ಕತ್ತಿವರಸೆಯ ನಿಯಮಗಳು ಆರು ಮೂಲ ಹೊಡೆತಗಳನ್ನು ಆಧಾರವಾಗಿಟ್ಟುಕೊಂಡು ಅಶ್ವದಳಕ್ಕೆಲ್ಲ ಒಂದೇ ಶಿಕ್ಷಣವನ್ನು ತಂದವು. ಅಂದರೆ ಕತ್ತಿ ಮತ್ತು ಅದನ್ನು ಬೀಸುವ ರೀತಿ ಒಂದೇ ತಲೆಯಿಂದ, ಒಂದೇ ಕಾಲದಲ್ಲಿ ಹುಟ್ಟಿದವು. ಬೀಸಲು ಬಾರದ 1796 ಎಂಬುದು ಅರ್ಧ 1796 ಮಾತ್ರ.

ಹೊರನೋಟದಲ್ಲಿ ತಯಾರಕರ ಶ್ರದ್ಧೆ ಎದ್ದು ಕಾಣುತ್ತದೆ, ಅದನ್ನು ಮನಸಾರೆ ಮೆಚ್ಚುತ್ತೇನೆ. ಹಿಡಿಯ ಕಾಪು ಕುದುರೆಯ ರಿಕಾಪಿನ ಆಕಾರದ ಒಂದೇ ಕಬ್ಬಿಣದ ಪಟ್ಟಿ. ಅಸಲಿಯಲ್ಲಿರುವಂತೆಯೇ ಬೆರಳುಗಳ ಮುಂದೆ ಬಾಗಿ ಮೇಲೆ ಹೋಗಿ ಹಿಡಿಯ ತಲೆಯನ್ನು ಸೇರುತ್ತದೆ. ಅಡ್ಡಪಟ್ಟಿಗಳಿಲ್ಲ, ಬುಟ್ಟಿಯಂತಹ ಕವಚವಿಲ್ಲ, ಏಕೆಂದರೆ ಮೂಲ ವಿನ್ಯಾಸದಲ್ಲಿ ಕೈಯ ರಕ್ಷಣೆಗಿಂತ ಹಗುರತನಕ್ಕೆ ಹೆಚ್ಚಿನ ಬೆಲೆ ಇತ್ತು. ಹಿಡಿಯ ಬೆನ್ನಿಗೆ ಅಂಟಿಕೊಂಡ ಕಬ್ಬಿಣದ ಪಟ್ಟಿಯ ಎರಡೂ ಬದಿ ಕಿವಿಯಂತೆ ಚಾಚಿಕೊಂಡ ಭಾಗಗಳಿವೆ, ಅವುಗಳ ಮೂಲಕ ರಿವೆಟ್ ಹಾದುಹೋಗಿದೆ. ಮರದ ಹಿಡಿಗೆ ಮೊದಲು ದಾರ ಸುತ್ತಿ ಅದರ ಮೇಲೆ ತೊಗಲನ್ನು ಎಳೆದು ಹೊಲಿದಿದ್ದಾರೆ. ಹೊಲಿಗೆ ಒಳಬದಿಗೆ, ಅಂಗೈಗೆ ಒತ್ತದ ಜಾಗದಲ್ಲಿದೆ. ಅಲಗಿನ ಉದ್ದ 83 ಸೆಂಟಿಮೀಟರ್, ಬಾಗು ಅಸಲಿಯ ಬಾಗಿಗೆ ಕೂದಲೆಳೆಯಷ್ಟು ಮಾತ್ರ ಹೆಚ್ಚುಕಡಿಮೆ. ಮೊನೆಯ ಹತ್ತಿರ ಅಲಗು ಅಗಲವಾಗುತ್ತಾ ಹೋಗುವ, ಈ ಮಾದರಿಯನ್ನು ದೂರದಿಂದಲೇ ಗುರುತಿಸಲು ನೆರವಾಗುವ ಆ ವಿಶಿಷ್ಟ ಆಕಾರವೂ ಸರಿಯಾಗಿಯೇ ಬಂದಿದೆ. ಎರಡು ಕತ್ತಿಗಳನ್ನೂ ಬಿಳಿಯ ಬಟ್ಟೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ಮೇಲಿನಿಂದ ತೆಗೆದ ಚಿತ್ರವನ್ನು ನಮ್ಮ ಬಳಗದ ಇಬ್ಬರಿಗೆ ತೋರಿಸಿದಾಗ, ಅಸಲಿ ಯಾವುದೆಂದು ಅವರು ತುಕ್ಕಿನ ಕಲೆಗಳನ್ನು ನೋಡಿ ಹೇಳಿದರೇ ಹೊರತು ಆಕಾರವನ್ನು ನೋಡಿ ಅಲ್ಲ.

ಆದರೆ ಇಬ್ಬರೂ ಕತ್ತಿಗಳನ್ನು ಕೈಗೆತ್ತಿಕೊಂಡ ಕೂಡಲೇ, ಕಣ್ಣು ಮುಚ್ಚಿಕೊಂಡೇ ಸರಿಯಾದ ಉತ್ತರ ಕೊಟ್ಟರು.

ಈ ವ್ಯತ್ಯಾಸದ ಮೂಲ ಅಲಗಿನ ದಪ್ಪದಲ್ಲಿದೆ. ಕತ್ತಿಯ ಚಿತ್ರವನ್ನು ನೋಡುವವರಿಗೆ ಅಲಗಿನ ಉದ್ದ, ಅಗಲ, ಬಾಗು ಕಾಣುತ್ತವೆ, ದಪ್ಪ ಕಾಣುವುದಿಲ್ಲ. ಅಸಲಿ ಕತ್ತಿಯ ಬೆನ್ನು ಹಿಡಿಯ ಬುಡದಲ್ಲಿ ಬಲವಾಗಿ ದಪ್ಪವಿದ್ದು ಮೊನೆಯ ಕಡೆಗೆ ಹೋದಂತೆ ಸತತವಾಗಿ ತೆಳುವಾಗುತ್ತದೆ. ಡಿಸ್ಟಲ್ ಟೇಪರ್ ಎಂದು ಸಂಗ್ರಾಹಕರು ಕರೆಯುವುದು ಇದನ್ನೇ. ಗೆಳೆಯರ ಕತ್ತಿಯಲ್ಲಿ ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದಾಗ ಬುಡದಲ್ಲಿ 8 ಮಿಲಿಮೀಟರ್, ನಡುವೆ ನಾಲ್ಕೂವರೆ, ಮೊನೆಯಿಂದ ಒಂದು ಗೇಣು ಹಿಂದೆ ಕೇವಲ 2 ಮಿಲಿಮೀಟರ್ ಬಂತು. ನನ್ನ ಮರುನಿರ್ಮಾಣದಲ್ಲಿ ಅದೇ ಜಾಗಗಳಲ್ಲಿ ಸಿಕ್ಕ ಅಂಕಿಗಳು ಐದೂವರೆ, 5 ಮತ್ತು 4. ಬುಡದಲ್ಲಿ ಇರಬೇಕಾದ ಉಕ್ಕು ಇಲ್ಲ. ಮೊನೆಯಲ್ಲಿ ಇರಬಾರದ ಉಕ್ಕು ಇದೆ. ಒಟ್ಟು ತೂಕದಲ್ಲಿ ವ್ಯತ್ಯಾಸ ಅಷ್ಟೇನೂ ಭಯಂಕರವಲ್ಲ, ಅಸಲಿ 950 ಗ್ರಾಂ, ಇದು 1,080 ಗ್ರಾಂ. ಆದರೆ ಒಂದು ಬೆರಳಿನ ಮೇಲೆ ಅಲಗನ್ನು ತೂಗಿ ನಿಲ್ಲಿಸಿದಾಗ ಅಸಲಿ ಕಾಪಿನಿಂದ 16 ಸೆಂಟಿಮೀಟರ್ ದೂರದಲ್ಲಿ ನಿಂತರೆ ಇದು 21 ಸೆಂಟಿಮೀಟರ್ ದೂರದಲ್ಲಿ ನಿಲ್ಲುತ್ತದೆ. ಆ 5 ಸೆಂಟಿಮೀಟರ್ ಎಂದರೇನು ಎಂಬುದು ಮಣಿಕಟ್ಟಿಗೆ ತಿಳಿಯುತ್ತದೆ.

ನಿಯಮಗಳಲ್ಲಿ ವಿವರಿಸಿದ ಹೊಡೆತಗಳನ್ನು ನಿಂತಲ್ಲೇ, ನಿಧಾನವಾಗಿ, ಎದುರಿಗೆ ಯಾರೂ ಇಲ್ಲದ ಬಯಲಿನಲ್ಲಿ ಮಾಡಿ ನೋಡಿದೆ. ಅಸಲಿ ಕತ್ತಿಯಲ್ಲಿ ಮೊದಲ ಹೊಡೆತ ಮುಗಿದ ಜಾಗದಿಂದಲೇ ಎರಡನೆಯದು ಎದ್ದೇಳುತ್ತದೆ; ಮಣಿಕಟ್ಟು ತಿರುಗಿಸಿದರೆ ಸಾಕು, ಅಲಗು ತಾನಾಗಿ ಹಿಂದಿರುಗುತ್ತದೆ, ಮೊನೆ ಎಲ್ಲಿದೆ ಎಂಬುದು ಪ್ರತಿ ಕ್ಷಣವೂ ಅಂಗೈಗೆ ಗೊತ್ತಿರುತ್ತದೆ. ಮರುನಿರ್ಮಾಣದಲ್ಲಿ ಮೊದಲ ಹೊಡೆತ ಮುಗಿಯುವುದೇ ಇಲ್ಲ. ಮೊನೆಯ ಭಾರ ತೋಳನ್ನು ಎಳೆದುಕೊಂಡು ಮುಂದೆ ಹೋಗುತ್ತದೆ. ಅದನ್ನು ತಡೆದು ಹಿಂದಕ್ಕೆ ತರಲು ಭುಜ ದುಡಿಯಬೇಕು. ಹತ್ತು ನಿಮಿಷದಲ್ಲಿ ಮುಂಗೈ ನೋಯತೊಡಗಿತು. ಕುದುರೆಯ ಮೇಲೆ, ಎಡಗೈಯಲ್ಲಿ ಲಗಾಮು ಹಿಡಿದು, ಪ್ರಾಣಿಯ ಕಿವಿ ಕತ್ತುಗಳನ್ನು ತಪ್ಪಿಸಿ ಎರಡೂ ಬದಿಗೆ ಬೀಸಬೇಕಾದ ರಾವುತನ ಕೈಗೆ ಇಂಥ ಕತ್ತಿಯನ್ನು ಕೊಟ್ಟಿದ್ದರೆ, ಲೆ ಮಾರ್ಶಂಟ್ ಫ್ಲಾಂಡರ್ಸ್‌ನಲ್ಲಿ ಯಾವುದನ್ನು ಕಂಡು ಮರುಗಿದರೋ ಅದೇ ಮತ್ತೆ ನಡೆಯುತ್ತಿತ್ತು. ಒಂದು ದೋಷವನ್ನು ನೀಗಿಸಲೆಂದೇ ಹುಟ್ಟಿದ ಕತ್ತಿಯ ಪ್ರತಿಕೃತಿಯಲ್ಲಿ ಅದೇ ದೋಷ ಮರಳಿ ಬಂದಿರುವುದು ನನಗೆ ನಿಜಕ್ಕೂ ನೋವು ತಂದ ಸಂಗತಿ.

ಕಾರಣ ಊಹಿಸಲು ಕಷ್ಟವೇನಿಲ್ಲ. ಒಂದೇ ದಪ್ಪದ ಉಕ್ಕಿನ ಪಟ್ಟಿಯಿಂದ ಆಕಾರವನ್ನು ಕತ್ತರಿಸಿ, ಅಂಚನ್ನು ಉಜ್ಜಿ, ಬದಿಗಳಲ್ಲಿ ತೋಡು ಕೊರೆದರೆ ಕೆಲಸ ಬೇಗ ಆಗುತ್ತದೆ. ಬುಡದಿಂದ ಮೊನೆಯವರೆಗೆ ಬಡಿದು ಅಥವಾ ಉಜ್ಜಿ ತೆಳುಗೊಳಿಸುವುದಕ್ಕೆ ನುರಿತ ಕೈ ಮತ್ತು ಹೊತ್ತು ಎರಡೂ ಬೇಕು. ಆ ತೋಡಿನ ಬಗ್ಗೆಯೂ ಒಂದು ಮಾತು: ಅದು ರಕ್ತ ಹರಿದುಹೋಗಲು ಮಾಡಿದ ಕಾಲುವೆ ಎಂಬ ಕಥೆ ಎಲ್ಲೆಡೆ ಕೇಳಿಬರುತ್ತದೆ, ಈ ಕತ್ತಿಯ ಜೊತೆ ಬಂದ ಪುಸ್ತಿಕೆಯಲ್ಲೂ ಇದೆ. ಅದು ಸುಳ್ಳು. ಅಲಗಿನ ಗಟ್ಟಿತನ ಕುಂದದಂತೆ ತೂಕವನ್ನು ಇಳಿಸುವುದೇ ತೋಡಿನ ಕೆಲಸ. ನನ್ನ ಕತ್ತಿಯಲ್ಲಿ ತೋಡು ಅಸಲಿಗಿಂತ ಆಳ ಕಡಿಮೆ ಇರುವುದರಿಂದ ಆ ಉಪಕಾರವೂ ಅರ್ಧವೇ ಆಗಿದೆ.

ಹಿಡಿಯ ಒಳಗನ್ನು ನೋಡಿದ್ದೇನೆ ಎಂದೆನಲ್ಲ, ಅದನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಅಸಲಿಯಲ್ಲಿ ಅಲಗಿನ ಬಾಲ ಹಿಡಿಯ ಉದ್ದಕ್ಕೂ ಸಾಗಿ ತಲೆಯ ಮೇಲೆ ಹೊರಬಂದು, ಅಲ್ಲಿ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿರುವುದರಿಂದ ಇಡೀ ಹಿಡಿ ಒಂದೇ ವಸ್ತುವಿನಂತೆ ಬಿಗಿಯಾಗಿರುತ್ತದೆ. ಇಲ್ಲಿ ಬಾಲದ ತುದಿಗೆ ತಿರುಪು ಕೊರೆದು ನಟ್ ಬಿಗಿದಿದ್ದಾರೆ. ಬಾಲದ ಉಕ್ಕು ಮತ್ತು ಅಲಗಿನ ಉಕ್ಕು ಒಂದೇ ತುಂಡು, ನಡುವೆ ಬೆಸುಗೆ ಇಲ್ಲ ಎಂಬುದು ಸಮಾಧಾನದ ವಿಷಯ. ಬೆಸುಗೆ ಹಾಕಿದ ಬಾಲ ಬೀಸುವಾಗ ಮುರಿದು ಅಲಗು ಹಾರಿಹೋಗಬಹುದು, ಅಂಥದ್ದನ್ನು ಯಾರೂ ಕೈಯಲ್ಲಿ ಹಿಡಿಯಲೇಬಾರದು. ನಟ್ ಮೂರು ತಿಂಗಳಿಗೊಮ್ಮೆ ಸಡಿಲವಾಗುತ್ತದೆ. ಬಿಗಿಗೊಳಿಸಿದರೆ ಸರಿಹೋಗುತ್ತದೆ, ಆದರೆ ಗಮನವಿಡಬೇಕು.

ಒರೆಯ ವಿಷಯಕ್ಕೆ ಬರೋಣ, ಇಲ್ಲಿ ತಯಾರಕರು ಪ್ರಾಮಾಣಿಕತೆಯಿಂದಲೇ ಒಂದು ಐತಿಹಾಸಿಕ ದೋಷವನ್ನೂ ಪುನರ್ನಿರ್ಮಿಸಿದ್ದಾರೆ. ಒರೆ ಕಬ್ಬಿಣದ್ದು, ಸೊಂಟಪಟ್ಟಿಯಿಂದ ತೂಗುಹಾಕಲು ಎರಡು ಬಳೆಗಳಿವೆ, ಕತ್ತಿಯನ್ನು ಹಿರಿದಾಗ ಮತ್ತು ಒರೆಗೆ ಹಾಕಿದಾಗ ಕೇಳುವ ಕಬ್ಬಿಣದ ಸದ್ದು ಕಿವಿಗೆ ಹಿತವಾಗಿದೆ. ಆದರೆ ಆ ಸದ್ದೆಂದರೆ ಅಲಗು ಸವೆಯುತ್ತಿರುವ ಸದ್ದು. ಮೊನೆಯ ಹತ್ತಿರ ಒಂದು ಗೇಣಿನಷ್ಟು ಅಂಚನ್ನು ಕಾಗದ ಸೀಳುವಷ್ಟು ಹರಿತಗೊಳಿಸಿ, ಐವತ್ತು ಸಲ ಹಿರಿದು ಐವತ್ತು ಸಲ ಒರೆಗೆ ಹಾಕಿದೆ. ಕೊನೆಯಲ್ಲಿ ಕಾಗದ ಸೀಳಲಿಲ್ಲ, ಹರಿಯಿತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಅಂಚಿನ ಉದ್ದಕ್ಕೂ ಕೂದಲಿನಷ್ಟು ತೆಳ್ಳಗಿನ ಬಿಳಿಯ ಗೆರೆ ಹೊಳೆಯುತ್ತಿತ್ತು: ಹರಿತವಾದ ಬಾಯಿಗೆ ಬೆಳಕನ್ನು ಹಿಂದಿರುಗಿಸುವಷ್ಟು ಅಗಲ ಇರುವುದಿಲ್ಲ, ಮೊಂಡಾದ ಬಾಯಿಗೆ ಇರುತ್ತದೆ.

ಈ ಗೆರೆಯನ್ನು ನೋಡಿದಾಗ ನೆನಪಾದದ್ದು ಲೂಯಿ ಎಡ್ವರ್ಡ್ ನೋಲನ್ ಬರೆದಿಟ್ಟ ಪ್ರಸಂಗ. ಕ್ರಿಮಿಯಾ ಯುದ್ಧದ ಬಾಲಕ್ಲಾವಾ ಕಾಳಗದಲ್ಲಿ 1854ರ ಅಕ್ಟೋಬರ್ 25ರಂದು ಲಘು ಅಶ್ವದಳಕ್ಕೆ ಆ ದುರಂತದ ಆಜ್ಞೆಯನ್ನು ಒಯ್ದು, ಆ ದಾಳಿಯ ಆರಂಭದಲ್ಲಿಯೇ ಸತ್ತ ಅಧಿಕಾರಿ ಇವರು. ಅದಕ್ಕೂ ಒಂದು ವರ್ಷ ಮೊದಲು ಪ್ರಕಟಿಸಿದ ಅಶ್ವದಳದ ಕುರಿತ ಗ್ರಂಥದಲ್ಲಿ ಅವರು ಭಾರತದ ನಿಜಾಮರ ಸವಾರರ ಕತ್ತಿಗಳ ಭೀಕರ ಹರಿತದ ಬಗ್ಗೆ ಬರೆಯುತ್ತಾರೆ. ಆ ಕತ್ತಿಗಳನ್ನು ತರಿಸಿ ನೋಡಿದರೆ ಅವು ಬ್ರಿಟಿಷ್ ಸೈನ್ಯವೇ ಬಳಸಿ ಬಿಟ್ಟ ಹಳೆಯ ಅಲಗುಗಳು. ಸ್ಥಳೀಯ ಹಿಡಿ ಕೂರಿಸಿ, ಚೆನ್ನಾಗಿ ಸಾಣೆ ಹಿಡಿದು, ಮರದ ಒರೆಯಲ್ಲಿ ಇಟ್ಟಿದ್ದರು, ಕಾಳಗವಿಲ್ಲದೆ ಹಿರಿಯುತ್ತಿರಲಿಲ್ಲ. ಅದೇ ಉಕ್ಕು ಕಬ್ಬಿಣದ ಒರೆಯಲ್ಲಿದ್ದಾಗ ಮೊಂಡಾಗಿತ್ತು, ಮರದ ಒರೆಗೆ ಬಂದ ಮೇಲೆ ಹರಿತವಾಯಿತು. ಅದನ್ನು ಓದಿದ್ದೆ, ನನ್ನದೇ ಕತ್ತಿಯ ಅಂಚಿನಲ್ಲಿ ಆ ಬಿಳಿ ಗೆರೆಯನ್ನು ಕಂಡ ಮೇಲೆ ಅದು ಅರ್ಥವಾಯಿತು. ಈ ಒಂದು ಕಾರಣಕ್ಕಾದರೂ ಒರೆಯನ್ನು ಕಬ್ಬಿಣದಲ್ಲೇ ಮಾಡಿಕೊಟ್ಟ ತಯಾರಕರಿಗೆ ನಾನು ಋಣಿ. ಈಗ ಒರೆಯ ಒಳಗೆ ಎರಡೂ ಬದಿಗೆ ತೆಳ್ಳನೆಯ ಮರದ ಪಟ್ಟಿಗಳನ್ನು ಇಳಿಸಿದ್ದೇನೆ. ಸದ್ದು ಹೋಗಿದೆ, ಹರಿತ ಉಳಿದಿದೆ.

ಇನ್ನು ಪುಸ್ತಿಕೆ. 24 ಪುಟಗಳ, ಒಳ್ಳೆಯ ಕಾಗದದಲ್ಲಿ ಅಚ್ಚಾದ ಈ ಪುಸ್ತಿಕೆಯನ್ನು ಕೆಲವರು ಉಚಿತ ವಸ್ತುವೆಂದು ಬದಿಗಿಡಬಹುದು. ನಾನು ಹಾಗೆ ಮಾಡಲಾರೆ, ಏಕೆಂದರೆ ಕತ್ತಿಯನ್ನು ಕೊಳ್ಳುವ ಎಷ್ಟೋ ಮಂದಿಗೆ ಆ ಕಾಲದ ಇತಿಹಾಸದ ಮೊದಲ ಪಾಠ ಇದೇ ಆಗಿರುತ್ತದೆ. ಅದರಲ್ಲಿ ಮೂರು ತಪ್ಪುಗಳು ನನ್ನನ್ನು ಬಹಳ ಕಾಡಿದವು.

ಲೆ ಮಾರ್ಶಂಟ್ ವಾಟರ್ಲೂನಲ್ಲಿ ಮಡಿದರು ಎಂದು ಅದು ಹೇಳುತ್ತದೆ. ಅವರು ವಾಟರ್ಲೂವನ್ನು ನೋಡಲೇ ಇಲ್ಲ. ಸ್ಪೇನಿನ ಸಲಮಾಂಕದಲ್ಲಿ 1812ರ ಜುಲೈ 22ರಂದು ತಮ್ಮ ಭಾರೀ ಅಶ್ವದಳದ ಬ್ರಿಗೇಡನ್ನು ಮುನ್ನಡೆಸಿ, ಆ ದಿನದ ಅತ್ಯಂತ ಯಶಸ್ವಿ ದಾಳಿಗಳಲ್ಲೊಂದನ್ನು ನಡೆಸಿ, ಅದರಲ್ಲಿಯೇ ಗುಂಡೇಟಿಗೆ ಪ್ರಾಣ ಕೊಟ್ಟರು. ಇದರಲ್ಲಿ ಮನಮುಟ್ಟುವ ಇನ್ನೊಂದು ಸಂಗತಿಯಿದೆ: ಭಾರೀ ಅಶ್ವದಳದ ಸವಾರರ ಕೈಯಲ್ಲಿ ಇದ್ದದ್ದು ಅವರು ರೂಪಿಸಿದ ಬಾಗುಗತ್ತಿಯಲ್ಲ, ಆಸ್ಟ್ರಿಯದ ಮಾದರಿಯಿಂದ ತೆಗೆದುಕೊಂಡ ನೇರವಾದ, ಸುಮಾರು 89 ಸೆಂಟಿಮೀಟರ್ ಅಲಗಿನ 1796ರ ಭಾರೀ ಕತ್ತಿ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರ ಸ್ಮಾರಕವಿದೆ. ಒಬ್ಬ ಸೈನಿಕ ಎಲ್ಲಿ ಸತ್ತನೆಂಬುದು ಸ್ಮಾರಕ ಹೇಳಬೇಕಾದ ಮೊದಲ ಮಾತು. ಅವರದೇ ಕತ್ತಿಯನ್ನು ಮಾರುವವರು ಅದನ್ನೇ ತಪ್ಪಿಸಬಾರದಿತ್ತು.

ಎರಡನೆಯದು, ವಾಟರ್ಲೂನಲ್ಲಿ 1815ರ ಜೂನ್ 18ರಂದು ಫ್ರೆಂಚರ 45ನೆಯ ರೆಜಿಮೆಂಟಿನ ಗರುಡಧ್ವಜವನ್ನು ಕಿತ್ತುಕೊಂಡ ಸ್ಕಾಟ್ಸ್ ಗ್ರೇಸ್ ದಳದ ಸಾರ್ಜೆಂಟ್ ಚಾರ್ಲ್ಸ್ ಯೂವರ್ಟ್ ಅವರ ಕೈಗೆ ಪುಸ್ತಿಕೆ ಈ ಬಾಗುಗತ್ತಿಯನ್ನು ಕೊಟ್ಟಿದೆ. ಸ್ಕಾಟ್ಸ್ ಗ್ರೇಸ್ ಭಾರೀ ಅಶ್ವದಳ. ಅವರದು ನೇರ ಕತ್ತಿ. ಆ ನೇರ ಕತ್ತಿಯ ಮೊನೆ ಮೂಲದಲ್ಲಿ ಕೊಡಲಿಯ ಬಾಯಂತೆ ಮೊಂಡಾಗಿದ್ದು, ತಿವಿಯಲು ಅನುಕೂಲವಾಗಲೆಂದು ಯುದ್ಧಕ್ಕೆ ಮುನ್ನ ಸಾಣೆ ಹಿಡಿದು ಚೂಪುಗೊಳಿಸಿದ್ದು ಕತ್ತಿಗಳ ಅಭ್ಯಾಸಿಗಳಿಗೆಲ್ಲ ತಿಳಿದ ವಿಷಯ. ಯೂವರ್ಟ್ 1846ರಲ್ಲಿ ತೀರಿಕೊಂಡರು. 1938ರಲ್ಲಿ ಅವರ ಅವಶೇಷಗಳನ್ನು ಎಡಿನ್‌ಬರೋ ಕೋಟೆಯ ಮುಂದಿನ ಬಯಲಿಗೆ ತಂದು ಮರುಸಮಾಧಿ ಮಾಡಲಾಯಿತು, ಅವರು ಗೆದ್ದ ಗರುಡವೂ ಅದೇ ಕೋಟೆಯಲ್ಲಿದೆ.

ಮೂರನೆಯ ತಪ್ಪು ರಕ್ಷಾಪುಟದ ಮೇಲೆಯೇ ಇದೆ. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಕುದುರೆಯೇರಿ ಕತ್ತಿಯನ್ನು ಎತ್ತಿ ಹಿಡಿದ ಸೇಂಟ್ ಜಾರ್ಜ್‌ನ ಕಂಚಿನ ಪ್ರತಿಮೆಯ ಚಿತ್ರವನ್ನು ಹಾಕಿ, ಕೆಳಗೆ ನೆಪೋಲಿಯನ್ ಕಾಲದ ಅಶ್ವದಳದ ಸ್ಮಾರಕ ಎಂದು ಬರೆದಿದ್ದಾರೆ. ಆ ಸ್ಮಾರಕ ಏಡ್ರಿಯನ್ ಜೋನ್ಸ್ ಅವರ ಕೃತಿ. ಶಿಲ್ಪಿಯಾಗುವ ಮುನ್ನ ಸೈನ್ಯದಲ್ಲಿ ಪಶುವೈದ್ಯರಾಗಿ ದುಡಿದ ಅವರಿಗೆ ಕುದುರೆಯ ಮೈಕಟ್ಟು ಕೈಯಿಂದ ಮುಟ್ಟಿ ತಿಳಿದದ್ದಾಗಿತ್ತು. 1924ರಲ್ಲಿ ಅನಾವರಣಗೊಂಡ ಅದು ಮೊದಲ ಮಹಾಯುದ್ಧದಲ್ಲಿ ಮಡಿದ ಸಾಮ್ರಾಜ್ಯದ ಅಶ್ವದಳದವರ ನೆನಪಿನದು. ಆ ಯುದ್ಧದ ಸವಾರರು ಹಿಡಿದದ್ದು 1908ರ ಮಾದರಿ: ಬಾಗಿಲ್ಲದ, ಕಿರಿದಾದ, ಕಡಿಯಲು ಅಲ್ಲ, ತಿವಿಯುವುದಕ್ಕಾಗಿಯೇ ಮಾಡಿದ, ಕೈಯನ್ನು ಪೂರ್ತಿ ಮುಚ್ಚುವ ಬಟ್ಟಲಿನಂತಹ ಕಾಪಿನ ಕತ್ತಿ. ಲೆ ಮಾರ್ಶಂಟ್ ಅವರ ವಾದಕ್ಕೆ ನೇರ ವಿರುದ್ಧವಾದ ವಾದ ಅದು. ಅಂದರೆ ಬಾಗುಗತ್ತಿಯ ಪುಸ್ತಿಕೆಯ ಮುಖದ ಮೇಲೆ, ಬಾಗುಗತ್ತಿಯನ್ನು ಕೈಬಿಟ್ಟ ತಲೆಮಾರಿನ ಸ್ಮಾರಕ ನಿಂತಿದೆ.

ಯಾರು ಕೊಳ್ಳಬಹುದು ಎಂದು ಕೇಳಿದರೆ, ಹೀಗೆ ಹೇಳುತ್ತೇನೆ. ಆ ಕಾಲದ ಸಮವಸ್ತ್ರದ ಜೊತೆಗೆ ಧರಿಸಲು, ಪ್ರದರ್ಶನಕ್ಕಿಡಲು, ಅಥವಾ ಈ ಮಾದರಿಯ ಹಿಡಿಯ ರಚನೆಯನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸಲು ಬೇಕಾದವರಿಗೆ ಇದು ಒಳ್ಳೆಯ ಕತ್ತಿ, ಅಳುಕಿಲ್ಲದೆ ಶಿಫಾರಸು ಮಾಡುತ್ತೇನೆ. ರಾವುತನ ಕೈ ಏನನ್ನು ಅನುಭವಿಸಿತೆಂದು ತಿಳಿಯಲು ಬಯಸುವವರು ಇದನ್ನು ಕೊಳ್ಳಬಾರದು; ಕೊಂಡರೆ ಆ ಕಾಲದ ಕತ್ತಿಗಳು ಭಾರವಾಗಿ, ಒಡ್ಡೊಡ್ಡಾಗಿ ಇದ್ದವೆಂಬ ಸುಳ್ಳನ್ನು ಕಲಿಯುತ್ತಾರೆ. ಯಾವುದೇ ತಯಾರಕರಿಂದ ತರಿಸುವ ಮುನ್ನ ಬುಡದಲ್ಲಿ, ನಡುವೆ, ಮೊನೆಯ ಹತ್ತಿರ ಅಲಗಿನ ದಪ್ಪ ಎಷ್ಟು, ತೂಕ ಎಲ್ಲಿ ನಿಲ್ಲುತ್ತದೆ, ಬಾಲಕ್ಕೆ ಬೆಸುಗೆ ಇದೆಯೇ ಎಂದು ಬರೆದು ಕೇಳಿ. ಉತ್ತರ ಕೊಡಲಾರದವರಿಂದ ಕೊಳ್ಳಬೇಡಿ. ತೇವದ ಕಾಲದಲ್ಲಿ ವಾರಕ್ಕೊಮ್ಮೆ ಅಲಗಿಗೆ ತೆಳುವಾಗಿ ಎಣ್ಣೆ ಸವರಿ. ಒರೆಯೊಳಗೆ ಎಣ್ಣೆ ಸುರಿಯಬೇಡಿ, ಧೂಳು ಅಂಟಿಕೊಂಡು ಅದೇ ಉಜ್ಜುವ ಕಾಗದವಾಗುತ್ತದೆ.

ಈ ಎಲ್ಲ ಅಳತೆಗಳನ್ನೂ ಪುಸ್ತಿಕೆಯ ತಪ್ಪುಗಳನ್ನೂ ತಯಾರಕರಿಗೆ ಬರೆದು ಕಳಿಸಿದೆ. ಹತ್ತು ದಿನಗಳಲ್ಲಿ ಸೌಜನ್ಯದ ಉತ್ತರ ಬಂತು. ಅಲಗನ್ನು ತೆಳುಗೊಳಿಸುವುದು ಸದ್ಯಕ್ಕೆ ತಮ್ಮಿಂದ ಆಗದೆಂದು ಅವರು ನೇರವಾಗಿಯೇ ಒಪ್ಪಿಕೊಂಡರು; ಪುಸ್ತಿಕೆಯನ್ನು ಮುಂದಿನ ಮುದ್ರಣದಲ್ಲಿ ತಿದ್ದುವುದಾಗಿ ಹೇಳಿದ್ದಾರೆ. ನನ್ನ ಪ್ರತಿಯ 11ನೆಯ ಪುಟದಲ್ಲಿ ‘ವಾಟರ್ಲೂ’ ಎಂಬುದನ್ನು ಪೆನ್ಸಿಲಿನಿಂದ ಹೊಡೆದು, ಬದಿಯಲ್ಲಿ ‘ಸಲಮಾಂಕ, 22 ಜುಲೈ 1812’ ಎಂದು ಬರೆದಿಟ್ಟಿದ್ದೇನೆ.